ಶ್ರೋಡರ್ ಮನೆಯ ಸರಿಯುವ ಗೋಡೆಗಳು

ಆಧುನಿಕ ವಾಸ್ತುಶಿಲ್ಪದ ಇತಿಹಾಸ ಹೇಳುವ ಯಾವ ಪುಸ್ತಕವನ್ನು ತೆರೆದರೂ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಒಂದು ಪುಟ್ಟ ಮನೆಯ ಚಿತ್ರ ಎಲ್ಲಾದರೊಂದು ಪುಟದಲ್ಲಿ ಎದುರಾಗುತ್ತದೆ. ಬಿಳಿ ಮತ್ತು ಬೂದು ಬಣ್ಣದ ಚಪ್ಪಟೆ ಹಲಗೆಗಳನ್ನು ಒಂದಕ್ಕೊಂದು ತಾಗಿಯೂ ತಾಗದಂತೆ ನಿಲ್ಲಿಸಿ, ನಡುವೆ ಕೆಂಪು, ಹಳದಿ, ನೀಲಿ ಬಣ್ಣದ ಕೆಲವು ಕಂಬಿಗಳನ್ನು ಸಿಕ್ಕಿಸಿದಂತೆ ಕಾಣುವ ಆ ಚಿತ್ರ ಎಷ್ಟು ಪ್ರಸಿದ್ಧವೆಂದರೆ, ಮನೆಯನ್ನು ಕಂಡಿರದವರೂ ಅದನ್ನು ಕಂಡಂತೆಯೇ ಮಾತನಾಡುತ್ತಾರೆ. ನೇರ ಗೆರೆಗಳೂ ಮೂಲವರ್ಣಗಳ ಚೌಕಗಳೂ ಅಷ್ಟೇ ಇರುವ ಚಿತ್ರಗಳ ಡಚ್ ಕಲಾವಿದ ಮೊಂಡ್ರಿಯಾನ್‌ನ ಚಿತ್ರವೊಂದು ಎದ್ದು ನಿಂತು ಮನೆಯಾಯಿತು ಎಂಬ ಮಾತು ಅಂಥವರ ಬಾಯಲ್ಲಿ ಮೊದಲು ಬರುತ್ತದೆ. ರೀಟ್‌ವೆಲ್ಡ್ ಶ್ರೋಡರ್ ಮನೆಯೆಂದು ಕರೆಯಲಾಗುವ ಈ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರೊಳಗೆ ಸ್ವಲ್ಪ ಹೊತ್ತು ಕಳೆದು ಬಂದ ಮೇಲೆ, ಈ ಮೊಂಡ್ರಿಯಾನ್ ಹೋಲಿಕೆಯಷ್ಟು ಮನೆಗೆ ಅನ್ಯಾಯ ಮಾಡಿದ್ದು ಬೇರೊಂದಿಲ್ಲ ಎಂದು ನನಗೆ ಅನಿಸಿತು. ಚಿತ್ರವನ್ನು ದೂರ ನಿಂತು ನೋಡಿದರೆ ಸಾಕು. ಈ ಮನೆಯನ್ನು ಮಾತ್ರ ಯಾರಾದರೂ ಕೈಯಿಟ್ಟು ಎಳೆದು, ಮಡಚಿ, ಸರಿಸಿ ತೋರಿಸುವವರೆಗೆ ಅದು ಅರ್ಥವಾಗುವುದೇ ಇಲ್ಲ.

ಕೆಲಸದ ನಿಮಿತ್ತ ನಾನು ಈ ದೇಶದಲ್ಲಿ ನೆಲೆಸಿ ಕೆಲವು ವರ್ಷಗಳಾಗಿವೆ. ಶಿವಮೊಗ್ಗದಿಂದ ಅಕ್ಕ ಬಂದಿದ್ದಾಗ, ಟ್ಯೂಲಿಪ್ ತೋಟ ಮತ್ತು ಗಾಳಿಗಿರಣಿಗಳ ಸುತ್ತಾಟ ಮುಗಿದ ಮೇಲೆ, ಅವಳನ್ನೂ ಕರೆದುಕೊಂಡು ಉಟ್ರೆಕ್ಟ್‌ಗೆ ಹೋದೆ. ಈ ಮನೆಗೆ ಮನಬಂದಾಗ ಹೋಗಿ ಒಳನುಗ್ಗುವಂತಿಲ್ಲ; ಸಮಯವನ್ನು ಗೊತ್ತುಮಾಡಿಕೊಂಡು ಮುಂಗಡವಾಗಿ ಟಿಕೆಟ್ ಪಡೆದಿರಬೇಕು, ಒಂದು ಸಲಕ್ಕೆ ಒಂದು ಸಣ್ಣ ಗುಂಪನ್ನಷ್ಟೇ ಒಳಗೆ ಬಿಡುತ್ತಾರೆ. ನಗರದ ಹಳೆಯ ಕಾಲುವೆಗಳನ್ನು ದಾಟಿ, ವಿಲ್ಹೆಲ್ಮಿನಾ ಉದ್ಯಾನದ ಮಗ್ಗುಲಿನಿಂದ ಪ್ರಿನ್ಸ್ ಹೆಂಡ್ರಿಕ್ ರಸ್ತೆಯಲ್ಲಿ ಪೂರ್ವಕ್ಕೆ ನಡೆದರೆ, ಎರಡೂ ಬದಿಗೆ ಕಂದು ಇಟ್ಟಿಗೆಯ, ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಗಂಭೀರ ಮನೆಗಳ ಸಾಲು. ಆ ಸಾಲಿನ ಕಟ್ಟಕಡೆಯ ಇಟ್ಟಿಗೆ ಗೋಡೆಗೆ ಅಂಟಿಕೊಂಡಂತೆ 50ನೆಯ ಸಂಖ್ಯೆಯ ಮನೆ ನಿಂತಿದೆ. ಪುಸ್ತಕದ ಚಿತ್ರಗಳಲ್ಲಿ ಪಕ್ಕದ ಮನೆಯನ್ನು ಸಾಮಾನ್ಯವಾಗಿ ಕತ್ತರಿಸಿ ಹಾಕಿರುತ್ತಾರಾದ್ದರಿಂದ, ಇದು ಬಯಲಿನಲ್ಲಿ ಒಂಟಿಯಾಗಿ ನಿಂತ ಬಂಗಲೆಯಲ್ಲ, ಸಾಲುಮನೆಗಳ ತುದಿಯಲ್ಲಿ ಉಳಿದ ಕಿರುಜಾಗದಲ್ಲಿ ಕಟ್ಟಿದ್ದು ಎಂಬ ಸಂಗತಿ ಅಲ್ಲಿಗೆ ಹೋದ ಮೇಲೆಯೇ ಮನಸ್ಸಿಗೆ ನಾಟುತ್ತದೆ. ಗಾತ್ರವೂ ಹಾಗೆಯೇ. ಅಕ್ಕ ರಸ್ತೆಯ ಆಚೆ ಬದಿಯಿಂದ ನೋಡಿ, "ಇಷ್ಟೇ ಏನೋ? ಇದಕ್ಕೋಸ್ಕರವೇ ಇಷ್ಟು ದೂರ ಕರೆತಂದೆಯಾ?" ಎಂದು ಕೇಳಿದಳು.

ಮನೆಯ ಕಥೆ ಶುರುವಾಗುವುದು ವಾಸ್ತುಶಿಲ್ಪಿಯಿಂದಲ್ಲ, ಮನೆಯೊಡತಿಯಿಂದ. ಟ್ರೂಸ್ ಶ್ರೋಡರ್ ಹುಟ್ಟಿದ್ದು 1889ರಲ್ಲಿ. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡು ಕ್ಯಾಥೊಲಿಕ್ ವಸತಿಶಾಲೆಯಲ್ಲಿ ಬೆಳೆದು, ಔಷಧಶಾಸ್ತ್ರ ಕಲಿತು, 1911ರಲ್ಲಿ ತನಗಿಂತ ವಯಸ್ಸಿನಲ್ಲಿ ಬಹಳ ಹಿರಿಯನಾದ ವಕೀಲ ಫ್ರಿಟ್ಸ್ ಶ್ರೋಡರ್ ಎಂಬವನನ್ನು ಮದುವೆಯಾದಳು. ಗಂಡನದು ಸಂಪ್ರದಾಯಸ್ಥ ಮನಸ್ಸು, ಇವಳದು ಹೊಸ ಚಿಂತನೆ, ಹೊಸ ಕಲೆಗಳತ್ತ ತುಡಿಯುವ ಮನಸ್ಸು. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬ ವಿಷಯದಲ್ಲಂತೂ ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ದೊಡ್ಡ ಕಿಟಕಿ, ಎತ್ತರದ ಛಾವಣಿ, ಭಾರವಾದ ಪೀಠೋಪಕರಣಗಳ ಆ ಮನೆಯಲ್ಲಿ ತನಗಾಗಿ ಒಂದು ಕೋಣೆಯನ್ನಾದರೂ ತನ್ನ ಮನಸ್ಸಿಗೆ ಬಂದಂತೆ ಮಾಡಿಕೊಳ್ಳಲು ಅವಳಿಗೆ ಗಂಡನ ಒಪ್ಪಿಗೆ ಸಿಕ್ಕಿತು. 1921ರಲ್ಲಿ ಆ ಕೋಣೆಯನ್ನು ರೂಪಿಸಿಕೊಟ್ಟವನು ಅದೇ ಊರಿನ ಬಡಗಿ ಗೆರಿಟ್ ರೀಟ್‌ವೆಲ್ಡ್. 1923ರಲ್ಲಿ ಗಂಡ ತೀರಿಕೊಂಡಾಗ ಅವಳಿಗೆ ಮೂವತ್ತಮೂರೋ ಮೂವತ್ತನಾಲ್ಕೋ ವರ್ಷ, ಮೂವರು ಮಕ್ಕಳು. ದೊಡ್ಡ ಮನೆಯನ್ನು ಬಿಟ್ಟು, ಮಕ್ಕಳೊಂದಿಗೆ ತಾನು ನಂಬಿದಂತೆ ಬದುಕಬಹುದಾದ ಒಂದು ಸಣ್ಣ ಮನೆಯನ್ನು ಹುಡುಕಿಕೊಳ್ಳಬೇಕೆಂದು ಅವಳು ನಿರ್ಧರಿಸಿದಳು. ಬಾಡಿಗೆಗೆ ತಕ್ಕ ಮನೆ ಸಿಗದೆ, ಕಟ್ಟಿಸುವುದೆಂದು ತೀರ್ಮಾನವಾಯಿತು.

ರೀಟ್‌ವೆಲ್ಡ್ ಆ ವರೆಗೆ ಒಂದು ಇಡೀ ಮನೆಯನ್ನು ಕಟ್ಟಿದವನಲ್ಲ. ತಂದೆಯ ಮರಗೆಲಸದ ಕಾರ್ಖಾನೆಯಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿ, 1917ರಲ್ಲಿ ಸ್ವಂತ ಕಾರ್ಖಾನೆ ಹಾಕಿ, ಹಲಗೆ ಮತ್ತು ಪಟ್ಟಿಗಳನ್ನು ಒಂದರ ಮೇಲೊಂದು ಹಾಯಿಸಿ ಜೋಡಿಸಿದ ಕುರ್ಚಿಯೊಂದರಿಂದ ಹೆಸರಾದವನು. ನಂತರ ಬಣ್ಣ ಹಚ್ಚಿಸಿಕೊಂಡು ಕೆಂಪು ನೀಲಿ ಕುರ್ಚಿಯೆಂದು ಲೋಕಪ್ರಸಿದ್ಧವಾದದ್ದು ಅದೇ. ಆ ಕುರ್ಚಿಯಲ್ಲಿ ಪ್ರತಿಯೊಂದು ಪಟ್ಟಿಯೂ ಕೂಡುವ ಜಾಗವನ್ನು ದಾಟಿ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಮನೆಯ ಹೊರಗೋಡೆಗಳೂ ಬಾಲ್ಕನಿಗಳೂ ಹಾಗೆಯೇ ಮೂಲೆಯಲ್ಲಿ ನಿಲ್ಲದೆ ಮುಂದೆ ಸಾಗುತ್ತವೆ. ಬಡಗಿಯೊಬ್ಬ ಮನೆ ಕಟ್ಟಿದರೆ ಹೀಗೆಯೇ ಕಟ್ಟುತ್ತಾನೆ ಎಂಬುದು ಗೋಡೆಗಳ ಬುಡದಲ್ಲಿ ನಿಂತು ನೋಡಿದಾಗ ತಿಳಿಯುತ್ತದೆ. 1917ರಲ್ಲಿ ಡಚ್ ಕಲಾವಿದ ಥಿಯೋ ಫಾನ್ ಡೂಸ್‌ಬರ್ಗ್ ಆರಂಭಿಸಿದ 'ದ ಸ್ಟೈಲ್' ಎಂಬ ಕಲಾಪತ್ರಿಕೆಯ ಬಳಗದಲ್ಲಿ ರೀಟ್‌ವೆಲ್ಡ್ ಇದ್ದದ್ದು ನಿಜ, ಮೂರು ಮೂಲವರ್ಣಗಳ ವ್ರತ ಅಲ್ಲಿಂದಲೇ ಬಂದದ್ದು ಕೂಡ ನಿಜ. ಆದರೆ ಅದೇ ಬಳಗದ ಮೊಂಡ್ರಿಯಾನ್‌ನನ್ನು ಅವನು ಜೀವನದಲ್ಲಿ ಒಮ್ಮೆಯೂ ಮುಖತಃ ಭೇಟಿಯಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಒಳಗೆ ಹೋಗುವ ಮುನ್ನ ಶೂಗಳ ಮೇಲೆ ಬಟ್ಟೆಯ ಚೀಲಗಳನ್ನು ತೊಡಿಸಿಕೊಳ್ಳಬೇಕು. ಕಿವಿಗೆ ವಿವರಣೆಯ ಯಂತ್ರ ಕೊಡುತ್ತಾರೆ. ಇತ್ತೀಚೆಗೆ ಗೋಡೆಯ ತುಂಬಾ ಬೆಳಕಿನ ಚಿತ್ರ ಹರಿಸಿ, ಸಂಗೀತ ಸುರಿಸಿ, ನೋಡುಗರನ್ನು ಕಲೆಯಲ್ಲಿ ಮುಳುಗಿಸುತ್ತೇವೆಂದು ಹೇಳಿಕೊಳ್ಳುವ ಪ್ರದರ್ಶನಗಳು ಊರೂರಿಗೆ ಬರುತ್ತಿವೆಯಲ್ಲ, ಅವುಗಳ ಯಾವ ಸರಂಜಾಮೂ ಇಲ್ಲಿಲ್ಲ. ಇರುವುದು ಮನೆ ಮಾತ್ರ. ಮುಳುಗುವುದೆಂದರೆ ಏನೆಂದು ತಿಳಿಯಲು ಅಷ್ಟು ಸಾಕಾಗುತ್ತದೆ.

ಮುಂಬಾಗಿಲಿನಿಂದಲೇ ಟ್ರೂಸ್‌ಳ ತಲೆ ಓಡಿದ ದಿಕ್ಕು ಕಾಣಿಸುತ್ತದೆ. ಅಡಿಗೆಮನೆಯ ಹೊರಗೆ ದಿನಸಿ ತರುವವರಿಗಾಗಿ ಒಂದು ಕಿಂಡಿಯಿದೆ. ಅವರು ಮೊದಲು ಗಂಟೆ ಒತ್ತಿ, ಆಮೇಲೆ ಪಕ್ಕದ ಮಾತಿನ ಕೊಳವೆಯಲ್ಲಿ ಮಾತನಾಡಬೇಕೆಂದು ಗೋಡೆಯ ಮೇಲೆ ಬರೆದಿದೆ. ಮೇಲಿನ ಅಂತಸ್ತಿನಲ್ಲಿರುವ ಮನೆಯೊಡತಿ ಕೊಳವೆಯ ಇನ್ನೊಂದು ತುದಿಯಿಂದ ಉತ್ತರ ಕೊಟ್ಟರಾಯಿತು, ಮೆಟ್ಟಿಲಿಳಿದು ಬರಬೇಕಾಗಿಲ್ಲ. ಅಡಿಗೆಮನೆಯಿಂದ ಮೇಲಿನ ಊಟದ ಜಾಗಕ್ಕೆ ಪಾತ್ರೆಗಳನ್ನು ಏರಿಸುವ ಪುಟ್ಟ ಲಿಫ್ಟ್ ಇದೆ. ಅಕ್ಕ ಈ ಲಿಫ್ಟಿನ ಮುಂದೆ ನಿಂತವಳು, ಗುಂಪು ಮುಂದೆ ಹೋದರೂ ಕದಲಲಿಲ್ಲ.

ನೆಲ ಅಂತಸ್ತಿನಲ್ಲಿ ಗೋಡೆಗಳು ಗೋಡೆಗಳಾಗಿಯೇ ಇವೆ. ಅಡಿಗೆಮನೆ, ಕೆಲಸದಾಕೆಯ ಕೋಣೆ, ಓದುವ ಕೋಣೆ, ಸ್ಟುಡಿಯೋ. ಇವುಗಳ ಗೋಡೆಯ ಮೇಲಂಚಿನಲ್ಲಿ ಗಾಜಿನ ಪಟ್ಟಿಗಳಿರುವುದರಿಂದ ಛಾವಣಿ ಒಂದು ಕೋಣೆಯಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿದಂತೆ ಕಾಣುತ್ತದೆ, ಅಷ್ಟೇ. ರೀಟ್‌ವೆಲ್ಡ್ ಸ್ಟುಡಿಯೋವನ್ನು 1930ರ ದಶಕದ ಆರಂಭದವರೆಗೆ ತನ್ನ ಕಚೇರಿಯಾಗಿ ಬಳಸುತ್ತಿದ್ದ. ಟ್ರೂಸ್ ಅವನಿಗೆ ಹಾಕಿದ ಷರತ್ತುಗಳು ಈ ಕೋಣೆಗಳಲ್ಲಿ ಒಂದೊಂದಾಗಿ ಸಿಗುತ್ತವೆ. ಯಾವ ಕೋಣೆಯಲ್ಲಿಯಾದರೂ ಮಂಚವನ್ನು ಕನಿಷ್ಠ ಎರಡು ಕಡೆ ಇಡಲು ಬರಬೇಕು. ಪ್ರತಿ ಕೋಣೆಗೂ ನೀರು ಮತ್ತು ವಿದ್ಯುತ್ತಿನ ಸಂಪರ್ಕ ಇರಬೇಕು. ಪ್ರತಿ ಕೋಣೆಯಿಂದಲೂ ಹೊರಕ್ಕೆ ಬಾಗಿಲಿರಬೇಕು. ಇಂದು ಮಗಳ ಕೋಣೆಯಾಗಿದ್ದದ್ದು ನಾಳೆ ಬಾಡಿಗೆಯವರದೋ ಕೆಲಸದ ಕೋಣೆಯೋ ಆಗಬೇಕಾದರೆ ಏನು ಬೇಕು ಎಂದು ಮೊದಲೇ ಲೆಕ್ಕ ಹಾಕಿದ ಹೆಂಗಸಿನ ಷರತ್ತುಗಳಿವು. ವಿಧವೆಯಾಗಿ ಮೂವರು ಮಕ್ಕಳನ್ನು ಸಾಕಬೇಕಾಗಿದ್ದವಳಿಗೆ ಆ ಲೆಕ್ಕ ಆಟವಾಗಿರಲಿಲ್ಲ.

ಇಕ್ಕಟ್ಟಾದ, ಸ್ವಲ್ಪ ಮಬ್ಬಾದ ಮೆಟ್ಟಿಲನ್ನು ಏರಿ ಮೇಲೆ ಬಂದರೆ ಒಮ್ಮೆಲೇ ಬೆಳಕು. ಮೆಟ್ಟಿಲಿನ ನೆತ್ತಿಯ ಮೇಲೆ ಗಾಜಿನ ಬೆಳಕಿಂಡಿ, ಸುತ್ತಲೂ ಕಿಟಕಿಗಳ ಸಾಲು, ಕಾಲಡಿಯಲ್ಲಿ ಕೆಂಪು, ಬೂದು, ಕಪ್ಪು, ಬಿಳಿ ಚೌಕಗಳ ನೆಲ. ಕಾಗದಪತ್ರಗಳ ಪ್ರಕಾರ ಈ ಅಂತಸ್ತು ವಾಸದ ಅಂತಸ್ತೇ ಅಲ್ಲ. ಹೀಗೆ ಗೋಡೆಗಳೇ ಇಲ್ಲದ ವಾಸದ ಮನೆಗೆ ಅಂದಿನ ಕಟ್ಟಡ ನಿಯಮಗಳಡಿ ಅನುಮತಿ ಸಿಗುವುದು ಕಷ್ಟವಾಗಿದ್ದುದರಿಂದ, ನಕ್ಷೆಯಲ್ಲಿ ಇದನ್ನು ಅಟ್ಟವೆಂದು ತೋರಿಸಿದ್ದರು. ಅಟ್ಟದಲ್ಲಿ ಏನಿರಬೇಕು, ಏನಿರಬಾರದು ಎಂದು ಅಧಿಕಾರಿಗಳು ಕೇಳುವುದಿಲ್ಲ. ಈ ಜಾಣತನ ಅಕ್ಕನಿಗೆ ಬಹಳ ಹಿಡಿಸಿತು. ನಗರಸಭೆಯ ಮುಂದೆ ಮನೆಯ ನಕ್ಷೆ ಹಿಡಿದು ನಿಂತವರೆಲ್ಲರಿಗೂ ಹಿಡಿಸುವಂಥದ್ದೇ ಅದು. ರೀಟ್‌ವೆಲ್ಡ್ ಮೊದಲು ತಂದ ಯೋಜನೆಯಲ್ಲಿ ಮೇಲೆಯೂ ಗೋಡೆಗಳಿದ್ದವು. ಈ ಗೋಡೆಗಳನ್ನು ತೆಗೆದುಬಿಡಲು ಆಗುವುದಿಲ್ಲವೇ ಎಂದು ಕೇಳಿದವಳು ಟ್ರೂಸ್, ಅದನ್ನು ಸಂತೋಷದಿಂದ ಒಪ್ಪಿಕೊಂಡವನು ರೀಟ್‌ವೆಲ್ಡ್. ಮಕ್ಕಳು ತಮ್ಮ ತಮ್ಮ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಬೆಳೆಯದೆ, ದೊಡ್ಡವರ ಮಾತು, ಚರ್ಚೆ, ಅತಿಥಿಗಳ ಬರುಹೋಗುಗಳ ನಡುವೆಯೇ ಬೆಳೆಯಬೇಕೆಂಬುದು ಅವಳ ಆಸೆಯಾಗಿತ್ತು. ಅದೇ ಹೊತ್ತಿನಲ್ಲಿ ಬೇಕೆನಿಸಿದಾಗ ಒಬ್ಬೊಬ್ಬರಿಗೂ ಏಕಾಂತವೂ ಸಿಗಬೇಕಿತ್ತು.

ಎರಡೂ ಹೇಗೆ ಸಾಧ್ಯ ಎಂಬುದನ್ನು ಇಲ್ಲಿ ಮಾತಿನಿಂದ ಹೇಳುವುದಿಲ್ಲ, ಮಾಡಿ ತೋರಿಸುತ್ತಾರೆ. ಸಂಗ್ರಹಾಲಯದ ಸಿಬ್ಬಂದಿಯಲ್ಲಿ ಒಬ್ಬರು, ನಾವೆಲ್ಲ ನಡುವೆ ಗುಂಪಾಗಿ ನಿಂತಿರುವಂತೆಯೇ, ಗೋಡೆಯ ಬದಿಯಲ್ಲಿ ಮಡಚಿಕೊಂಡಿದ್ದ ಹಲಗೆಯೊಂದನ್ನು ಹಿಡಿದು ಎಳೆಯುತ್ತಾರೆ. ಹಲಗೆ ಹಳಿಯ ಮೇಲೆ ಸರಿಯುತ್ತ ಬಂದು ನಮ್ಮ ಹೆಗಲ ಪಕ್ಕದಲ್ಲಿ ಹಾಯ್ದು ಹೋಗುತ್ತದೆ. ನೆಲದ ಬಣ್ಣದ ಚೌಕಗಳು ಸುಮ್ಮನೆ ಅಲಂಕಾರಕ್ಕೆಂದು ನಾನು ತಿಳಿದಿದ್ದೆನಷ್ಟೆ, ಹಲಗೆಗಳು ಬಂದು ನಿಂತ ಮೇಲೆ ನೋಡಿದರೆ ಒಂದೊಂದು ಕೋಣೆಗೆ ಒಂದೊಂದು ನೆಲ ಸಿಕ್ಕಿಬಿಟ್ಟಿರುತ್ತದೆ. ಇನ್ನೊಂದು ಹಲಗೆ, ಮತ್ತೊಂದು ಹಲಗೆ. ಒಂದೆರಡು ನಿಮಿಷದಲ್ಲಿ, ಈಗಷ್ಟೇ ಮೂರು ದಿಕ್ಕಿನ ಆಕಾಶ ಕಾಣುತ್ತಿದ್ದ ಹಜಾರ ಹೋಗಿ, ಮಗನ ಕೋಣೆ, ಹೆಣ್ಣುಮಕ್ಕಳ ಕೋಣೆ, ಊಟದ ಕೋಣೆಗಳಾಗಿ ಒಡೆದುಕೊಂಡಿರುತ್ತದೆ. ಗುಂಪಿನ ಜೊತೆಗಾರರಲ್ಲಿ ಅರ್ಧ ಜನ ಗೋಡೆಯಾಚೆಗೆ ಮಾಯವಾಗಿದ್ದರು. ಅವರ ದನಿ ಮಾತ್ರ ಕೇಳುತ್ತಿತ್ತು. ದನಿಯನ್ನು ಈ ಹಲಗೆಗಳು ಹೆಚ್ಚೇನೂ ತಡೆಯುವುದಿಲ್ಲ ಎಂಬುದೂ ಹಾಗೆ ತಿಳಿಯಿತು. ಹದಿಹರೆಯದ ಮಕ್ಕಳಿದ್ದ ಮನೆಯಲ್ಲಿ ಅದೊಂದು ಸಣ್ಣ ಸಂಗತಿಯಾಗಿರಲಾರದು.

ಮೇಲಿನ ಅಂತಸ್ತಿನಲ್ಲಿ ಸ್ವಂತ ಗೋಡೆಗಳಿರುವ ಕೋಣೆ ಟ್ರೂಸ್‌ಳದೊಂದೇ, ಅದೂ ಮಂಚ ಹಿಡಿಸುವಷ್ಟು ಮಾತ್ರ. ಹೆಚ್ಚು ಜಾಗ ಬೇಕಾದದ್ದು ಎಲ್ಲರೂ ಸೇರುವ ಕಡೆಗೆ ಎಂದು ತನ್ನ ಪಾಲನ್ನು ಕಿರಿದು ಮಾಡಿಕೊಂಡಿದ್ದಾಳೆ. ಇದನ್ನೆಲ್ಲ ನೋಡುವಾಗ ನನಗೆ ನೆನಪಾದದ್ದು ಮಲೆನಾಡಿನ ನಮ್ಮ ಅಜ್ಜನ ಮನೆಯ ನಡುಮನೆ. ಅಲ್ಲಿ ರಾತ್ರಿ ಹಾಸಿಗೆ ಬಿಡಿಸಿದರೆ ಮಲಗುವ ಕೋಣೆ, ಬೆಳಿಗ್ಗೆ ಸುತ್ತಿಟ್ಟರೆ ಹಜಾರ, ಮಧ್ಯಾಹ್ನ ಬಾಳೆಯೆಲೆ ಹಾಕಿದರೆ ಊಟದ ಮನೆ. ಒಂದೇ ನೆಲ ಹೊತ್ತಿಗೊಂದು ಕೆಲಸ ಮಾಡುತ್ತಿತ್ತು. ಆದರೆ ನಡುಮನೆಯಲ್ಲಿ ಏಕಾಂತವೆಂಬುದು ಯಾರಿಗೂ ಇರಲಿಲ್ಲ, ಅದನ್ನು ಕೇಳಬಹುದೆಂಬ ಯೋಚನೆಯೂ ಹೆಂಗಸರಿಗಂತೂ ಇರಲಿಲ್ಲ. ಟ್ರೂಸ್ ಅದನ್ನು ಮರದ ಹಲಗೆಗಳ ರೂಪದಲ್ಲಿ ಮನೆಯ ಪ್ರತಿಯೊಬ್ಬರ ಕೈಗೂ ಕೊಟ್ಟಳು. ಬಾಗಿಲು ಎಳೆದುಕೊಳ್ಳುವ ಹಕ್ಕು ಆರೇಳು ವರ್ಷದ ಕಿರಿಮಗಳಿಗೂ ಇತ್ತು. ಆ ಕಿರಿಮಗಳು ಹಾನ್ ಮುಂದೆ ವಾಸ್ತುಶಿಲ್ಪವನ್ನೇ ಓದಿ, ಆ ದೇಶದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬಳಾದಳು.

"ದಿನಾ ಬೆಳಿಗ್ಗೆ ಸಂಜೆ ಇದನ್ನೆಲ್ಲ ಎಳೆದು ಸರಿಸುವವರು ಯಾರು? ಕೆಳಗಿನ ಕೋಣೆಯವಳಾ?" ಎಂದು ಅಕ್ಕ ಪಿಸುಗುಟ್ಟಿದಳು. ಈ ಪ್ರಶ್ನೆಯನ್ನು ವಾಸ್ತುಶಿಲ್ಪದ ಪುಸ್ತಕಗಳು ಕೇಳುವುದು ಅಪರೂಪ. ಸರಳ ಬದುಕಿನ, ಸಮಾನತೆಯ ಹೊಸ ಮನೆಯೆಂದು ಹೊಗಳಿಸಿಕೊಂಡ ಈ ಮನೆಯ ನೆಲ ಅಂತಸ್ತಿನಲ್ಲಿ ಕೆಲಸದಾಕೆಗೆಂದೇ ಒಂದು ಕೋಣೆಯಿದೆ. ಅಡಿಗೆ ಕೆಳಗಾಗುತ್ತದೆ, ಚರ್ಚೆ ಮೇಲಾಗುತ್ತದೆ, ನಡುವೆ ಪುಟ್ಟ ಲಿಫ್ಟ್ ಓಡಾಡುತ್ತದೆ. ಅಂದಿನ ಅನುಕೂಲಸ್ಥ ಮನೆಗಳಲ್ಲಿ ಅದು ಸಾಮಾನ್ಯವೇ ಆಗಿದ್ದರೂ, ಸರಿಯುವ ಗೋಡೆಗಳ ಬಗ್ಗೆ ಬರೆಯುವವರು ಸರಿಸುವ ಕೈಗಳ ಬಗ್ಗೆಯೂ ಒಂದು ಸಾಲು ಬರೆಯಬೇಕಿತ್ತು. ಹಾಗೆಂದು ಟ್ರೂಸ್ ಕೈಕಟ್ಟಿ ಕೂತವಳೂ ಅಲ್ಲ. ಮನೆಯನ್ನು ಬಳಸುವುದಕ್ಕೆ ಶ್ರಮ ಬೇಕು, ಪ್ರತಿ ಸಲವೂ ನಾವು ಏನು ಮಾಡುತ್ತಿದ್ದೇವೆ ಎಂಬ ಎಚ್ಚರ ಬೇಕು ಎಂಬುದೇ ಈ ಮನೆಯ ಉದ್ದೇಶವಾಗಿತ್ತು. ಕಿಟಕಿಗಳು ಕೂಡ ಹಾಗೆಯೇ: ಅವುಗಳನ್ನು ಅರೆಬರೆ ತೆರೆಯಲು ಆಗುವುದಿಲ್ಲ, ಗೋಡೆಗೆ ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಮಾತ್ರ ನಿಲ್ಲುತ್ತವೆ, ಇಲ್ಲವೇ ಮುಚ್ಚಿರುತ್ತವೆ. ಗಾಳಿ ಜೋರಾಗಿ ಬೀಸುವ ಈ ದೇಶದಲ್ಲಿ ಇದು ಹಟಮಾರಿತನವೇ ಸರಿ, ಆದರೆ ತೆರೆದ ಕಿಟಕಿಯೂ ಮನೆಯ ರೇಖೆಗಳನ್ನು ಕೆಡಿಸಬಾರದೆಂಬ ಹಟ ಅದು.

ಈ ಹಟದ ತುತ್ತತುದಿ ಊಟದ ಮೇಜಿನ ಪಕ್ಕದ ಮೂಲೆಯಲ್ಲಿದೆ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಕಂಬ ಇರಲೇಬೇಕು. ಭಾರ ಹೊರುವುದೇ ಅದು. ರೀಟ್‌ವೆಲ್ಡ್ ಉಕ್ಕಿನ ಆಧಾರವನ್ನು ಮೂಲೆಯಿಂದ ಸ್ವಲ್ಪ ಈಚೆಗೆ ಸರಿಸಿಟ್ಟು ಮೂಲೆಯನ್ನು ಖಾಲಿ ಬಿಟ್ಟ, ಅಲ್ಲಿ ಎರಡು ಕಿಟಕಿಗಳು ಒಂದಕ್ಕೊಂದು ಮುಖ ಕೊಟ್ಟು ಕೂಡುವಂತೆ ಮಾಡಿದ. ಆ ಎರಡು ಕಿಟಕಿಗಳನ್ನು ತೆರೆದಾಗ ಮೂಲೆಯೇ ಇಲ್ಲವಾಗುತ್ತದೆ. ಎದುರಿನ ಮರಗಳೂ ಮೇಜೂ ಒಂದೇ ಜಾಗದಲ್ಲಿರುವಂತೆ ಆಗುತ್ತದೆ. ಚಿತ್ರಗಳಲ್ಲಿ ನಾನು ಇದನ್ನು ಹಲವು ಸಲ ನೋಡಿದ್ದೆ. ಆದರೆ ಗಾಳಿ ಒಳಗೆ ಬಂದು ಮುಖಕ್ಕೆ ತಾಗಿದಾಗ ಆಗುವ ಅಚ್ಚರಿ ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಮನೆ ನೋಡಲು ಕಾಂಕ್ರೀಟಿನಂತೆ ಕಂಡರೂ ಬಹುಪಾಲು ಕಟ್ಟಿರುವುದು ಇಟ್ಟಿಗೆಯಿಂದ. ಮೇಲೆ ಗಾರೆ ಬಳಿದು ಬಣ್ಣ ಹಚ್ಚಿದ್ದಾರೆ, ನೆಲ ಮತ್ತು ಛಾವಣಿಗೆ ಮರ ಬಳಸಿದ್ದಾರೆ, ಅಡಿಪಾಯ ಮತ್ತು ಬಾಲ್ಕನಿಗಳಿಗಷ್ಟೇ ಕಾಂಕ್ರೀಟು, ಬೇಕಾದ ಕಡೆ ಉಕ್ಕಿನ ತೊಲೆಗಳು. ಹೊಸ ಕಾಲದ ಯಂತ್ರದಂತೆ ಕಾಣಬೇಕೆಂದುಕೊಂಡ ಮನೆಯನ್ನು ಹಳೆಯ ಕಾಲದ ಕೈಗೆಲಸವೇ ಹಿಡಿದು ನಿಲ್ಲಿಸಿದೆ.

1924ರ ಕೊನೆಗೆ ಕೆಲಸ ಮುಗಿದು, ಹೊಸ ವರ್ಷ ಬರುವ ಹೊತ್ತಿಗೆ ಟ್ರೂಸ್ ಮಕ್ಕಳೊಂದಿಗೆ ಇಲ್ಲಿ ವಾಸಕ್ಕೆ ಬಂದಳು. ನೆರೆಹೊರೆಯವರಿಗೆ ಮನೆ ಹುಚ್ಚಾಟದಂತೆ ಕಂಡಿತು, ಶಾಲೆಯಲ್ಲಿ ಮಕ್ಕಳು ಲೇವಡಿಗೆ ಗುರಿಯಾದರು. ಟ್ರೂಸ್ ಮಾತ್ರ 1985ರಲ್ಲಿ ತೀರಿಕೊಳ್ಳುವವರೆಗೆ, ಅರುವತ್ತು ವರ್ಷ, ಇದೇ ಮನೆಯಲ್ಲಿ ಬದುಕಿದಳು. ರೀಟ್‌ವೆಲ್ಡ್‌ಗೆ ಹೆಂಡತಿಯೂ ಆರು ಮಕ್ಕಳೂ ಇದ್ದರು. ಅವನ ಮತ್ತು ಟ್ರೂಸ್‌ಳ ಸಂಬಂಧ ಕೆಲಸದಾಚೆಗೂ ಇತ್ತು. ಹೆಂಡತಿ 1957ರಲ್ಲಿ ತೀರಿಕೊಂಡ ಮೇಲೆ ಅವನೂ ಇಲ್ಲಿಗೇ ಬಂದು, 1964ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದ. ವಿವರಣೆಯ ಯಂತ್ರ ಈ ವಿಷಯವನ್ನು ಮುಚ್ಚಿಡುವುದೂ ಇಲ್ಲ, ಚಪ್ಪರಿಸುವುದೂ ಇಲ್ಲ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ವಿಷಯ: ಮನೆಯ ವಿನ್ಯಾಸ ಇಬ್ಬರದೆಂದು ಆರಂಭದ ಪ್ರಕಟಣೆಗಳಲ್ಲಿ ಇದ್ದರೂ, ವರ್ಷಗಳುರುಳಿದಂತೆ ಪುಸ್ತಕಗಳಲ್ಲಿ ಉಳಿದದ್ದು ರೀಟ್‌ವೆಲ್ಡ್‌ನ ಹೆಸರು ಮಾತ್ರ, ಟ್ರೂಸ್ ಮನೆ ಕಟ್ಟಿಸಿದವಳಾಗಿ ಕುಗ್ಗಿದಳು. ಹೆಸರುಗಳನ್ನು ಮತ್ತೆ ಜೊತೆಯಾಗಿ ಹೇಳುವ ರೂಢಿ ಈಗ ಬಂದಿದೆ. ಮನೆಯೊಳಗೆ ನಿಂತವರಿಗೆ ಈ ವಾದಕ್ಕೆ ಸಾಕ್ಷಿ ಬೇಕಾಗುವುದಿಲ್ಲ. ಕೊಳವೆ, ಲಿಫ್ಟು, ಎರಡು ಕಡೆ ಇಡಬಹುದಾದ ಮಂಚ, ಎಳೆಯಬಹುದಾದ ಗೋಡೆ, ಇವೆಲ್ಲ ಮನೆ ನಡೆಸಿ ಗೊತ್ತಿದ್ದವಳ ತಲೆಯಿಂದ ಬಂದವು, ಕೀಲು ಹಳಿಗಳ ಚಮತ್ಕಾರ ಬಡಗಿಯದು.

ಸಂಗ್ರಹಾಲಯವಾಗಿ ಈ ಮನೆಯನ್ನು ನಡೆಸುತ್ತಿರುವ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಒಂದಿದೆ. ಹಗ್ಗ ಕಟ್ಟಿ ನಿಲ್ಲಿಸದೆ ಕೋಣೆಗಳ ನಡುವೆಯೇ ಓಡಾಡಲು ಬಿಡುವುದು, ಹಲಗೆಗಳನ್ನು ಸರಿಸಿ ತೋರಿಸುವುದು, ಗುಂಪನ್ನು ಸಣ್ಣದಾಗಿ ಇಡುವುದು, ಇವೆಲ್ಲ ಮೆಚ್ಚಬೇಕಾದದ್ದೇ. ರೀಟ್‌ವೆಲ್ಡ್‌ನ ಜೊತೆ ಕೆಲಸ ಮಾಡಿದ್ದ ವಾಸ್ತುಶಿಲ್ಪಿ ಬರ್ಟಸ್ ಮುಲ್ಡರ್ 1970ರ ದಶಕದಲ್ಲಿ ಹೊರಭಾಗವನ್ನೂ, ಟ್ರೂಸ್ ತೀರಿಕೊಂಡ ಮೇಲೆ ಒಳಭಾಗವನ್ನೂ ಶ್ರದ್ಧೆಯಿಂದ ದುರಸ್ತಿ ಮಾಡಿದರು. 1987ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು, 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ದುರಸ್ತಿ ಮಾಡುವಾಗ ಮನೆಯನ್ನು ಹಿಂದಕ್ಕೆ, ಮೊದಲ ದಿನಗಳ ಸ್ಥಿತಿಗೆ ಒಯ್ದರು. ಟ್ರೂಸ್‌ಳ ಅರುವತ್ತು ವರ್ಷಗಳಲ್ಲಿ ಮನೆ ಹಾಗೆಯೇ ಇದ್ದದ್ದಲ್ಲ. ಮಕ್ಕಳು ಬೆಳೆದು ಹೋದ ಮೇಲೆ ಅವಳು ಕೋಣೆಗಳನ್ನು ಬಾಡಿಗೆಗೆ ಕೊಟ್ಟಳು. ಒಂದು ಕಾಲದಲ್ಲಿ ನೆಲ ಅಂತಸ್ತಿನಲ್ಲಿ ಮಾಂಟೆಸ್ಸರಿ ಶಿಶುವಿಹಾರ ನಡೆಯುತ್ತಿತ್ತು. 1936ರಲ್ಲಿ ಛಾವಣಿಯ ಮೇಲೆ ಒಂದು ಹೆಚ್ಚುವರಿ ಕೋಣೆ ಎದ್ದು, ಇಪ್ಪತ್ತು ವರ್ಷಗಳ ಮೇಲೆ ಇಳಿಯಿತು. ಬದಲಾಗುವುದಕ್ಕೆಂದೇ ಕಟ್ಟಿದ ಮನೆ ಅದು, ಬದಲಾಗುತ್ತಲೂ ಇತ್ತು. ಅದನ್ನು 1925ರ ಆಸುಪಾಸಿನಲ್ಲಿ ನಿಲ್ಲಿಸಿಬಿಟ್ಟರೆ, ಮೂವತ್ತೈದರ ವಿಧವೆ ಸಿಗುತ್ತಾಳೆ, ತೊಂಬತ್ತು ದಾಟಿದ ಟ್ರೂಸ್ ಸಿಗುವುದಿಲ್ಲ. ಒಂದು ಮೂಲೆಯಲ್ಲಾದರೂ ಅವಳ ಕೊನೆಯ ವರ್ಷಗಳ ಸಾಮಾನು ಹಾಗೆಯೇ ಇದ್ದಿದ್ದರೆ, ಹಲಗೆಗಳನ್ನು ಎಳೆದು ತೋರಿಸುವುದರಲ್ಲಿ ಇರುವ ಅರ್ಥ ಇನ್ನೂ ಹೆಚ್ಚುತ್ತಿತ್ತು. ದುರಸ್ತಿ ಮಾಡಿದವರ ಕಷ್ಟವೂ ತಿಳಿಯದ್ದೇನಲ್ಲ: ಜನ ಬರುವುದು ಪುಸ್ತಕದ ಚಿತ್ರವನ್ನು ಕಾಣಲು, ಹಳೆಯ ಸ್ವೆಟರನ್ನು ಕುರ್ಚಿಯ ಮೇಲೆ ನೋಡಲು ಅಲ್ಲ.

ಕಾಲವನ್ನು ಹಿಂದಕ್ಕೆ ತಿರುಗಿಸಲಾಗದ್ದು ಕಿಟಕಿಯ ಆಚೆಗೆ ಇದೆ. ಮನೆ ಕಟ್ಟಿದಾಗ ಇದು ಊರಿನ ಅಂಚು. ಎದುರಿಗೆ ಹುಲ್ಲುಗಾವಲು, ಬಯಲು, ದೂರದವರೆಗೆ ದೃಷ್ಟಿ. ಈ ದೇಶದಲ್ಲಿ ವಾಸದ ಕೋಣೆ ನೆಲ ಅಂತಸ್ತಿನಲ್ಲಿರುವುದು ರೂಢಿಯಾದರೂ ಟ್ರೂಸ್ ಅದನ್ನು ಮೇಲಕ್ಕೆ ಒಯ್ದದ್ದೇ ಆ ನೋಟಕ್ಕಾಗಿ. ಮುಂದಿನ ನಿವೇಶನದಲ್ಲಿ ಮನೆಗಳೇಳುವುದು ಖಚಿತವಾದಾಗ ಅವಳು ಆ ಜಾಗವನ್ನೇ ಕೊಂಡು, ಎದುರಿಗೆ ಏಳುವುದಾದರೆ ತಾವೇ ಮಾಡಿದ್ದು ಏಳಲಿ ಎಂದು ರೀಟ್‌ವೆಲ್ಡ್‌ನ ಜೊತೆಗೂಡಿ ಇರಾಸ್ಮಸ್ ರಸ್ತೆಯ ಸಾಲುಮನೆಗಳನ್ನು ರೂಪಿಸಿದಳು. 1931ರಲ್ಲಿ ಅವು ಮುಗಿದವು. 1960ರ ದಶಕದಲ್ಲಿ ಬಂದ ಹೆದ್ದಾರಿಯನ್ನು ತಡೆಯಲು ಅವಳಿಂದಲೂ ಆಗಲಿಲ್ಲ. ಎತ್ತರಿಸಿದ ಆ ರಸ್ತೆ ಇಂದಿಗೂ ಮನೆಯ ಮುಂದೆಯೇ, ಸುಮಾರು ಮೇಲಂತಸ್ತಿನ ಕಣ್ಣಳತೆಯಲ್ಲಿ ಹಾದು ಹೋಗುತ್ತದೆ. ಮೂಲೆಯ ಕಿಟಕಿ ತೆರೆದಾಗ ಗಾಳಿಯ ಜೊತೆಗೆ ಲಾರಿಗಳ ಸದ್ದೂ ಒಳಗೆ ಬಂದಿತು. ಇನ್ನು ಈ ಮನೆಯ ಕೆಲಸ ಮುಗಿಯಿತು, ಕೆಡವಬಹುದು ಎಂಬ ಭಾವನೆ ರೀಟ್‌ವೆಲ್ಡ್‌ನಿಗೇ ಬಂದಿತ್ತಂತೆ. ಬಯಲನ್ನು ಒಳಕ್ಕೆ ಕರೆಯಲು ಕಟ್ಟಿದ ಮನೆಗೆ ಬಯಲೇ ಇಲ್ಲವಾದಾಗ ಕಟ್ಟಿದವನಿಗೆ ಹಾಗನಿಸಿದ್ದು ಸಹಜ. ಟ್ರೂಸ್ ಕೆಡವಲಿಲ್ಲ, 1970ರಲ್ಲಿ ಮನೆಯ ರಕ್ಷಣೆಗೆ ಒಂದು ಪ್ರತಿಷ್ಠಾನ ಏರ್ಪಟ್ಟಿತು.

ಹೋಗಬಯಸುವವರಿಗೆ ಎರಡು ಮಾತು. ಈ ಮನೆಯನ್ನು ನೋಡಿಕೊಳ್ಳುವ ಸೆಂಟ್ರಾಲ್ ಮ್ಯೂಸಿಯಂ ನಗರದ ಮಧ್ಯದಲ್ಲಿದೆ, ಜಗತ್ತಿನಲ್ಲಿ ರೀಟ್‌ವೆಲ್ಡ್‌ನ ಕೃತಿಗಳ ಅತಿ ದೊಡ್ಡ ಸಂಗ್ರಹ ಅಲ್ಲಿದೆ. ಅದನ್ನು ಮೊದಲು ನೋಡಿ ಆಮೇಲೆ ಮನೆಗೆ ಹೋಗುವವರು ಬಹಳ. ನನ್ನ ಸಲಹೆ ಇದಕ್ಕೆ ತಿರುಗುಮುರುಗು: ಮನೆಯನ್ನು ಮೊದಲು ನೋಡಿದರೆ, ಪೀಠದ ಮೇಲೆ ಕೂರಿಸಿದ ಕುರ್ಚಿಗಳು ಆಮೇಲೆ ಶಿಲ್ಪಗಳಂತೆ ಕಾಣದೆ ಯಾರೋ ಕೂತು ಎದ್ದ ಕುರ್ಚಿಗಳಂತೆ ಕಾಣುತ್ತವೆ. ಚಿಕ್ಕ ಮಕ್ಕಳಿದ್ದರೆ ಮ್ಯೂಸಿಯಂನ ಎದುರಿಗೇ, ಇದೇ ಊರಿನ ಡಿಕ್ ಬ್ರೂನಾ ಬರೆದ ಮಿಫಿ ಮೊಲದ ಸಂಗ್ರಹಾಲಯವೂ ಇದೆ. ಅಲ್ಲಿಯೂ ಕೆಂಪು, ಹಳದಿ, ನೀಲಿಗಳದೇ ರಾಜ್ಯಭಾರ. ಎರಡನೆಯದು, ಮೇಲಂತಸ್ತಿನಲ್ಲಿ ಹಲಗೆಗಳನ್ನು ಎಳೆಯುವಾಗ ಮೆಟ್ಟಿಲಿನ ಬಳಿ ನಿಲ್ಲದೆ ಹೆಣ್ಣುಮಕ್ಕಳ ಕೋಣೆಯ ನೆಲದ ಮೇಲೆ ನಿಂತುಕೊಳ್ಳಿ, ಗೋಡೆ ನಿಮ್ಮ ಸುತ್ತಲೇ ಬಂದು ಮುಚ್ಚಿಕೊಳ್ಳುತ್ತದೆ. ಅಕ್ಕ ಅಲ್ಲಿ ನಿಂತಿದ್ದಳು, ನಾನು ಆಚೆ ಬದಿಯಲ್ಲಿದ್ದೆ. ರೈಲಿನಲ್ಲಿ ಹಿಂದಿರುಗುವಾಗ ಅವಳು ಶಿವಮೊಗ್ಗದ ತನ್ನ ಮನೆಯ ಹಜಾರಕ್ಕೆ ಹೀಗೊಂದು ಜಾರುವ ಹಲಗೆ ಹಾಕಿಸಲು ಎಷ್ಟಾಗಬಹುದೆಂದು ಫೋನಿನಲ್ಲಿ ಭಾವನ ಹತ್ತಿರ ಲೆಕ್ಕ ಹಾಕಿಸುತ್ತಿದ್ದಳು. ಹಳಿಯ ಸದ್ದು ಕೇಳಿಸಬಾರದು ಎಂಬುದೊಂದೇ ಅವಳ ಷರತ್ತು.